ಮಾರ್ಥಮ್ಮನವರ ತಾಳ್ಮೆಯ ಪಾಠ

ತುರುವೇಕೆರೆಯಲ್ಲಿ ಹೆರಿಗೆ ನರ್ಸಾಗಿದ್ದ ಮಾರ್ಥಮ್ಮ, ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ೧೯೭೮ರಲ್ಲಿ ಅವರ ಚರ್ಚಿನ ಸಭೆಯಲ್ಲಿದ್ದದ್ದೇ ನಾಲ್ಕಾರು ಕ್ರೈಸ್ತ ಮನೆ. ಈ ಮಕ್ಕಳನ್ನು ಊರೇ ನೋಡುತ್ತದೆ, ಒಳ್ಳೆಯವರಾಗಿ ಬೆಳೆಯಬೇಕು ಎಂಬುದು ಅವರ ಹಟ. ಮಕ್ಕಳೋ ಕಿಟಕಿಯಾಚೆಯ ತೆಂಗಿನ ಮರದ ಅಳಿಲು ನೋಡುತ್ತ ಕೂರುತ್ತಿದ್ದರು. ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲವೆಂದು ಮಾರ್ಥಮ್ಮನಿಗೆ ರೇಗಿಹೋಗುತ್ತಿತ್ತು.

ಒಂದು ಭಾನುವಾರ ಬಾಣಂತಿಯೊಬ್ಬಳನ್ನು ನೋಡಿಕೊಂಡು ತಡವಾಗಿ ಬಂದರು. ಅಷ್ಟರಲ್ಲಿ ಮಕ್ಕಳಲ್ಲಿ ದೊಡ್ಡವಳಾದ ಸುಗುಣಾ ತಾನೇ ಪಾಠ ಶುರುಮಾಡಿದ್ದಳು. ತಾಳ್ಮೆಯ ಬಗೆಗಿನ ಬೈಬಲ್ ವಾಕ್ಯವನ್ನು ತಪ್ಪು ಹೇಳಿದ ಪುಟ್ಟ ಗ್ರೇಸಿಯ ಕಿವಿ ಹಿಂಡಿ, “ತಲೇಲೇನು ತೆಂಗಿನ ನಾರು ತುಂಬ್ಕೊಂಡಿದ್ದೀಯೇನೇ?” ಎಂದು ಗದರುತ್ತಿದ್ದಳು. ಮಗು ಅಳುತ್ತಿತ್ತು.

“ಹಂಗನ್ನಬಾರ್ದು ಕಣೇ,” ಎಂದರು ಮಾರ್ಥಮ್ಮ.

“ನೀವು ಹಿಂಗೇ ಅಲ್ವಾ ಟೀಚರಮ್ಮ ಹೇಳ್ಕೊಡೋದು?” ಸುಗುಣಾ ಕೊಂಕಿಲ್ಲದೆ ಕೇಳಿದಳು.

ಇಷ್ಟು ವರ್ಷ ಹೇಳಿದ ಪಾಠ ಯಾವುದೂ ನಾಟದೆ, ಬೈಗುಳ ಮಾತ್ರ ನಾಟಿತಲ್ಲ ಎಂದು ಮಾರ್ಥಮ್ಮನಿಗೆ ತಮ್ಮ ಮೇಲೇ ಸಿಟ್ಟು ಬಂತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಸಿಟ್ಟು ಇಳಿಯಲಿಲ್ಲ.

ಮುಂದಿನ ವಾರ ಗ್ರೇಸಿ ಅದೇ ವಾಕ್ಯಕ್ಕೆ ಮತ್ತೆ ತಡವರಿಸಿದಳು. ಮಾರ್ಥಮ್ಮ ಮತ್ತೆ ಗದರಿಬಿಟ್ಟರು. ಆಮೇಲೆ ಅವಳೆದುರು ನೆಲದ ಮೇಲೆ ಕೂತು, “ತಪ್ಪಾಯ್ತು ಕಣವ್ವ, ನಿಧಾನಕ್ಕೆ ಹೇಳು,” ಎಂದರು. ಸುಗುಣಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.