ಚೀಲದ ಮೇಸ್ತ್ರಿ ಮತ್ತು ದಿಬ್ಬ ಹತ್ತದ ಟ್ರ್ಯಾಕ್ಟರ್

ಮೂವತ್ತು ವರ್ಷ ಸಣ್ಣ ಯಂತ್ರಗಳ ರಿಪೇರಿಯಲ್ಲಿ ಕೈ ಮಸಿ ಮಾಡಿಕೊಂಡ ಈ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವನು ಚೀಲದ ಮೇಸ್ತ್ರಿ. ಯಾವ ಯಂತ್ರ ಬಿಚ್ಚಿದರೂ ತೆಗೆದ ಹಳೆಯ ಸಾಮಾನನ್ನು ಬಟ್ಟೆಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಯಜಮಾನರ ಕೈಗೇ ಕೊಡುವುದು ಅವನ ಹಟ. "ನಾನೇನು ತೆಗೆದೆ ಅಂತ ನಿಮಗೆ ಗೊತ್ತಿರ್ಬೇಕು" ಎನ್ನುತ್ತಾನೆ. ಜನ ನಗುತ್ತಾ ತೆಗೆದುಕೊಂಡು ಹೋಗಿ ದಾರಿಯಲ್ಲೇ ಎಸೆಯುತ್ತಾರೆ. ಎಸೆಯದವಳು ಅವನ ಅಕ್ಕ ಒಬ್ಬಳೇ. ಅವಳು ಗುಂಡಿ ಕಿತ್ತುಹೋದ ಅಂಗಿಯನ್ನೂ ಎಸೆದವಳಲ್ಲ ಬಿಡಿ.

ಅಕ್ಕನದು ದಿಬ್ಬದ ಮೇಲೆ ಸಸಿಗಳ ನರ್ಸರಿ. ಎಡಗಾಲು ಸೋತ ಮೇಲೆ ಅವಳು ಕ್ಲಚ್ ತುಳಿಯುವ ಗಾಡಿಯ ಆಸೆ ಬಿಟ್ಟಿದ್ದಳು. ಬಲಗಾಲಲ್ಲಿ ಒಂದು ಪೆಡಲ್ ಒತ್ತಿದರೆ ಸಾಕು, ಗೇರಿನ ರಗಳೆಯೇ ಇಲ್ಲದೆ ಎಣ್ಣೆಯ ಒತ್ತಡದಲ್ಲೇ ಚಕ್ರ ತಿರುಗುವ ಈ ಪುಟ್ಟ ಟ್ರ್ಯಾಕ್ಟರನ್ನು ಹುಡುಕಿ ತಂದುಕೊಟ್ಟವನು ತಮ್ಮನೇ. ಅದು ಬಂದ ದಿನ ಅವಳು ಊಟ ಮರೆತು ಸಂಜೆಯವರೆಗೆ ಓಡಿಸಿದ್ದಳು. ಈಗ ಅದು ಹತ್ತು ನಿಮಿಷ ಓಡಿ ಬಿಸಿಯಾದರೆ ದಿಬ್ಬದ ನಡುವೆ ಕುಂಯ್ ಎಂದು ನಿಂತುಬಿಡುತ್ತಿತ್ತು. ಎಂಜಿನ್ ಮಾತ್ರ ಗುಡುಗುತ್ತಲೇ ಇರುತ್ತಿತ್ತು.

"ಪಂಪೇ ಸವೆದಿದೆ, ಮಾರಿಬಿಡೋದೇ ವಾಸಿ ಅಂದ ಇನ್ನೊಬ್ಬ ಮೆಕ್ಯಾನಿಕ್ಕು" ಎಂದಳು ಅಕ್ಕ. "ಮೂರು ಗಂಟೆಗೆ ಗುಜರಿಯವನು ಬರ್ತಾನೆ. ಕೊಟ್ಟು ನರ್ಸರೀನೂ ಮುಚ್ತೀನಿ. ಕುಂಟ್ಕೊಂಡು ಕುಂಡ ಹೊರೋ ವಯಸ್ಸೇನೋ ನಂದು?"

ಬೆಳಗಿನಿಂದ ತಮ್ಮ ಟ್ರ್ಯಾಕ್ಟರಿನ ಅಡಿಯಲ್ಲೇ ಇದ್ದ. ಎಣ್ಣೆಯ ಮಟ್ಟ ಸರಿಯಿತ್ತು. ಪೆಡಲಿನ ಸರಳು ಪೂರ್ತಿ ಚಲಿಸುತ್ತಿತ್ತು, ಬ್ರೇಕು ಎಲ್ಲೂ ಹಿಡಿದಿರಲಿಲ್ಲ. ಎಣ್ಣೆ ಸೋಸುವ ಫಿಲ್ಟರಿನ ಅಂಚಿನಲ್ಲಿ ತೇವ ಕಂಡಿತು. ಹೋದ ವಾರ ತಾನು ಸರ್ವಿಸ್ ಮಾಡಿ ಫಿಲ್ಟರ್ ಬದಲಿಸುವಾಗ ಚೆಲ್ಲಿದ್ದಿರಬೇಕು ಎಂದುಕೊಂಡು ಒರೆಸಿಬಿಟ್ಟ. ತನ್ನ ಕೆಲಸವನ್ನು ಅನುಮಾನಿಸುವ ಅಭ್ಯಾಸವೇ ಅವನಿಗಿರಲಿಲ್ಲ.

ಕೊನೆಗೆ ಗಾಡಿಯನ್ನು ಬಿಸಿ ಮಾಡಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಅದರ ತುಂಬ ನೊರೆ.

"ಪಂಪ್ ಸವೆದಿಲ್ಲ ಅಕ್ಕ! ಗಾಳಿ ಸೇರ್ತಾ ಇದೆ. ಎಣ್ಣೇಲಿ ಗಾಳಿ ಇದ್ರೆ ಒತ್ತಡ ಎಲ್ಲಿಂದ ಬರ್ಬೇಕು? ಆದ್ರೆ ಎಲ್ಲಿಂದ ಸೇರ್ತಿದೆ ಅಂತಾನೇ ತಿಳೀತಿಲ್ಲ."

"ನೀನು ಸರ್ವಿಸ್ ಮಾಡಿದ್ಮೇಲೇ ಶುರುವಾಗಿದ್ದು."

"ನನ್ನ ಕೆಲ್ಸದ ಮೇಲೇ ಅನುಮಾನಾನಾ?" ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಅಕ್ಕ ಒಳಗೆ ಹೋಗಿ, ಹೋದ ವಾರ ಅವನೇ ಕೊಟ್ಟಿದ್ದ ಚೀಲ ತಂದು ಅವನ ಮುಂದೆ ಕುಕ್ಕಿದಳು. ಮೇಸ್ತ್ರಿ ಗಂಟು ಬಿಚ್ಚಿ ಹಳೆಯ ಫಿಲ್ಟರ್ ತೆಗೆದ. ಅದರ ಬಾಯಿಯ ಸುತ್ತ ರಬ್ಬರ್ ರಿಂಗು ಕೂರುವ ಜಾಗ ಖಾಲಿ. ಚೀಲವನ್ನು ತಿರುವಿ ಒದರಿದ. ಧೂಳು ಬಿಟ್ಟರೆ ಏನೂ ಬೀಳಲಿಲ್ಲ. ಅವನ ಮುಖದ ಬಣ್ಣ ಇಳಿಯಿತು.

"ಅಕ್ಕ, ಹಳೇ ರಿಂಗು ಗಾಡಿಗೇ ಅಂಟ್ಕೊಂಡಿದೆ. ನೋಡ್ದೆ ಅದರ ಮೇಲೇ ಹೊಸ ಫಿಲ್ಟರ್ ಬಿಗಿದಿದೀನಿ. ಎರಡು ರಿಂಗು ಸೇರಿದ್ರೆ ಸರಿಯಾಗಿ ಕೂರಲ್ಲ, ಸಂದೀಲಿ ಗಾಳಿ ಎಳೆಯುತ್ತೆ. ತಪ್ಪು ನಂದೇ."

"ಗೊತ್ತಾಯ್ತಲ್ಲ, ಬಿಗಿ ಈಗ" ಎಂದಳು ಅಕ್ಕ. ಅಷ್ಟು ಹೊತ್ತು ಬಿಗಿದಿದ್ದ ಅವಳ ಮುಖ ಸಡಿಲಾಗಿತ್ತು.

ಅವನು ಫಿಲ್ಟರ್ ಬಿಚ್ಚಿ ಉಗುರಲ್ಲಿ ಕೆರೆದಾಗ ಕಪ್ಪು ರಿಂಗು ಸುರುಳಿಯಾಗಿ ಎದ್ದುಬಂತು. ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಿದ. ಒಳಗಿನ ಗಾಳಿ ಹೋಗಲೆಂದು ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ಅಂಗಳದಲ್ಲಿ ಅರ್ಧ ಗಂಟೆ ಸುತ್ತಿ ಚೆನ್ನಾಗಿ ಬಿಸಿಯಾದ ಮೇಲೆ, ಹಿಂದೆ ಕಟ್ಟಿದ ಟ್ರೇಲರಿಗೆ ಕುಂಡಗಳನ್ನು ಹೇರಿಕೊಂಡು ಅಕ್ಕ ದಿಬ್ಬದತ್ತ ತಿರುಗಿಸಿದಳು. ಜೀವ ಕೈಯಲ್ಲಿ ಹಿಡಿದುಕೊಂಡು ತಮ್ಮ ಹಿಂದೆ ನಡೆದ. ದಿನಾ ನಿಲ್ಲುತ್ತಿದ್ದ ಜಾಗ ಬಂತು, ಹೋಯಿತು. ಟ್ರ್ಯಾಕ್ಟರ್ ಒಂದೇ ಉಸಿರಿಗೆ ಮೇಲೇರಿತು.

ಅದೇ ಹೊತ್ತಿಗೆ ಗುಜರಿಯವನು ಕೆಳಗೆ ಗೇಟು ತೆರೆದ. ಅಕ್ಕ ಮೇಲಿನಿಂದಲೇ ಕೂಗಿದಳು: "ಗಾಡಿ ಕೊಡಲ್ಲಪ್ಪ! ಬೇಕಾದ್ರೆ ನನ್ನ ತಮ್ಮನ್ನ ಕರ್ಕೊಂಡು ಹೋಗು!"

ತಮ್ಮ ಹೊರಡುವಾಗ ಅವಳು ಅವನ ಕೈಗೆ ಆ ಚೀಲ ಕೊಟ್ಟಳು. ಒಳಗೆ ಆ ರಬ್ಬರ್ ರಿಂಗಿತ್ತು.

"ನೀನೇನು ಬಿಟ್ಟೆ ಅಂತ ನಿನಗೂ ಗೊತ್ತಿರ್ಬೇಕು ಕಣೋ."

ಮೇಸ್ತ್ರಿ ಜೋರಾಗಿ ನಕ್ಕುಬಿಟ್ಟ. ಚೀಲವನ್ನು ದಾರಿಯಲ್ಲಿ ಎಸೆಯದೆ, ತಂದು ತನ್ನ ಅಂಗಡಿಯ ಮೊಳೆಗೆ ನೇತುಹಾಕಿದ.