ವೆನಿಶಾ ಬಿದ್ದ ಮೇಲಿನ ಹನ್ನೊಂದು ತಿಂಗಳು

"ಡ್ಯಾಡಿ, ಕಾರು ಸರ್ವಿಸ್‌ಗೆ ಕೊಟ್ರಾ?"

ವಿಡಿಯೋ ಕಾಲ್‌ನಲ್ಲಿ ಮಗಳು ವೆನಿಶಾ ಕೇಳಿದಳು. ಕೊಟ್ಟೆ ಎಂದೆ. ಅವಳ ಮುಖ ಬಿಸಿಲಿಗೆ ಕಪ್ಪಾಗಿತ್ತು, ತುಟಿ ಒಡೆದಿತ್ತು. ಬೆನ್ನ ಹಿಂದೆ ಗುಲ್ಮಾರ್ಗಿನ ಹಾಸ್ಟೆಲ್ ಕಿಟಕಿ, ಕಿಟಕಿಯಾಚೆ ಬರೀ ಹಿಮ. ಮಧ್ಯಾಹ್ನ ಸ್ಕೀ ಪ್ರಾಕ್ಟೀಸ್‌ನಲ್ಲಿ ಬಿದ್ದೆ, ಏನೂ ಆಗಿಲ್ಲ, ಹೆಲ್ಮೆಟ್‌ಗೆ ಒಂದು ಗೀರು ಬಿದ್ದಿದೆ ಅಷ್ಟೇ ಎಂದಳು. ತಾನೇ ಎದ್ದು ಕೆಳಗೆ ಬಂದಳಂತೆ. ಮೂರು ದಿನ ಬಿಟ್ಟು ಸ್ಪರ್ಧೆ.

ಎರಡು ನಿಮಿಷ ಕಳೆದು ಮತ್ತೆ ಕೇಳಿದಳು. ಕಾರು ಸರ್ವಿಸ್‌ಗೆ ಕೊಟ್ರಾ?

ಮೂರನೇ ಸಲ ಕೇಳಿದಾಗ ನಾನು ನಕ್ಕೆ. "ಎಂತ ಮಾರಾಯ್ತಿ, ನಿನ್ನ ತಲೆ ಎಲ್ಲಿ ಉಂಟು?"

ಆ ಮಾತನ್ನು ಈಗಲೂ ನುಂಗಲಾಗುತ್ತಿಲ್ಲ.

ಮರುದಿನ ಬೆಳಿಗ್ಗೆ ನಾನು ಮಸ್ಕತ್‌ನ ಅಲ್ ಖುವೈರ್‌ನಲ್ಲಿ ಒಂದು ಕಟ್ಟಡದ ಪಾರ್ಕಿಂಗ್‌ನಲ್ಲಿದ್ದೆ. ಎ.ಸಿ. ಚಿಲ್ಲರ್ ಯಂತ್ರಗಳ ರಿಪೇರಿ ನನ್ನ ಕೆಲಸ. ಈ ಬಿಸಿ ಊರಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಕೋಣೆ ತಂಪು ಮಾಡಿಯೇ ಸಂಸಾರ ಸಾಕಿದವನು. ಕೋಚ್ ಬಶೀರ್ ಸಾಹೇಬರ ಫೋನ್ ಬಂತು. ಬೆಳಿಗ್ಗೆ ವಾಂತಿ ಮಾಡಿದಳು, ಆಮೇಲೆ ಎಬ್ಬಿಸಿದರೆ ಏಳಲಿಲ್ಲ, ಶ್ರೀನಗರದ ಆಸ್ಪತ್ರೆಗೆ ತಂದಿದ್ದೇವೆ ಎಂದು ಹಿಂದಿಯಲ್ಲಿ ಹೇಳಿ, ಫೋನನ್ನು ಡಾಕ್ಟರ ಕೈಗೆ ಕೊಟ್ಟರು.

"ಸಬ್‌ಡ್ಯೂರಲ್ ಹೆಮಟೋಮಾ. ಮಿದುಳಿನ ಎಡಭಾಗದ ಮೇಲೆ ರಕ್ತ ಹೆಪ್ಪುಗಟ್ಟಿ ಒತ್ತುತ್ತಿದೆ. ತಲೆಬುರುಡೆ ತೆರೆಯಬೇಕು. ಈಗಲೇ. ನಿಮ್ಮ ಒಪ್ಪಿಗೆ ಬೇಕು."

ಪಕ್ಕದಲ್ಲಿ ಯಾರೋ ಕಾರು ಹಿಂದೆ ತೆಗೆಯುತ್ತ ಹಾರ್ನ್ ಹೊಡೆಯುತ್ತಿದ್ದರು.

ಎಸ್ ಎಂದೆ.

ಮಸ್ಕತ್‌ನಿಂದ ದೆಹಲಿ, ಅಲ್ಲಿ ಮಂಜು ಮುಸುಕಿ ವಿಮಾನ ತಡ. ನಾನೂ ಹೆಂಡತಿ ಲವಿನಾಳೂ ಶ್ರೀನಗರ ಮುಟ್ಟುವಾಗ ಆಪರೇಷನ್ ಮುಗಿದು ಒಂದು ದಿನ ಕಳೆದಿತ್ತು. ಐ.ಸಿ.ಯು.ನಲ್ಲಿ ಮಲಗಿದ್ದವಳ ತಲೆ ಬೋಳಾಗಿತ್ತು. ಬಾಯಿಗೆ ವೆಂಟಿಲೇಟರ್ ಕೊಳವೆ. ಲವಿನಾ ಹಾಸಿಗೆಯ ಹತ್ತಿರ ಹೋಗಿ ಮೊದಲು ಮುಟ್ಟಿದ್ದು ಕಾಲನ್ನು. "ಕಾಲು ಸರಿ ಉಂಟಲ್ಲಾ, ಕಾಲಿಗೆ ಎಂತ ಆಗಲಿಲ್ಲ" ಎಂದು ಹೇಳುತ್ತಲೇ ಇದ್ದಳು. ಸ್ಕೀ ಮಾಡುವ ಹುಡುಗಿಯ ತಾಯಿ ಹತ್ತು ವರ್ಷ ಹೆದರಿದ್ದೆಲ್ಲ ಕಾಲಿಗಾಗಿ.

ಈ ಹಿಮದ ಹುಚ್ಚು ಹಿಡಿಸಿದವನು ನಾನೇ. ಅವಳಿಗೆ ಹನ್ನೆರಡು ಇರುವಾಗ ದುಬೈಯ ಒಂದು ಮಾಲ್‌ನ ಒಳಗಿನ ಹಿಮದ ಇಳಿಜಾರು ನೋಡಲು ಹೋಗಿದ್ದೆವು. ನನಗೆ ಅಲ್ಲಿನ ಕೂಲಿಂಗ್ ಯಂತ್ರಗಳ ಮೇಲೆ ಕುತೂಹಲ. ಅವಳು ಬಾಡಿಗೆಯ ಸ್ಕೀ ಹಲಗೆ ಕಾಲಿಗೆ ಕಟ್ಟಿಕೊಂಡು ಹೋದವಳು ಮುಚ್ಚುವ ಹೊತ್ತಿನವರೆಗೂ ಹೊರಗೆ ಬರಲಿಲ್ಲ. ಆಮೇಲೆ ತಿಂಗಳಿಗೆ ಎರಡು ಸಲ ಗಡಿ ದಾಟಿ ಐದು ಗಂಟೆಯ ಡ್ರೈವ್. ಹೊರಗೆ ಸುಡುವ ಮರಳು. ಹಿಂದಿನ ಸೀಟಿನಲ್ಲಿ ದಪ್ಪ ಜಾಕೆಟ್ ಮಡಿಲಲ್ಲಿಟ್ಟುಕೊಂಡು ಕೂತ ಹುಡುಗಿ. ಚೆಕ್‌ಪೋಸ್ಟಿನವರು ಆ ಜಾಕೆಟ್ ನೋಡಿ ನಗುತ್ತಿದ್ದರು. ಇಪ್ಪತ್ತೆರಡಕ್ಕೆ ಜೈಂಟ್ ಸ್ಲಾಲಮ್‌ನಲ್ಲಿ ಭಾರತದ ಒಳ್ಳೆಯ ಹುಡುಗಿಯರಲ್ಲಿ ಒಬ್ಬಳು ಎನಿಸಿಕೊಂಡಳು. ಹಿಮದಲ್ಲಿ ನೆಟ್ಟ ಕಂಬಗಳ ನಡುವೆ, ಆ 'ಗೇಟ್'ಗಳಲ್ಲಿ ಒಂದನ್ನೂ ತಪ್ಪದೆ, ಓಲಾಡುತ್ತ ಇಳಿಯುವ ಆಟ ಅದು. ಒಮಾನಿನಲ್ಲಿ ಬೆಳೆದ, ಕರಾವಳಿಯ ಶಿರ್ವದ ಹುಡುಗಿ!

ಒಂಬತ್ತನೇ ದಿನ ಕಣ್ಣು ಬಿಟ್ಟಳು. ಹದಿಮೂರನೇ ದಿನ ಮೊದಲ ಶಬ್ದ.

"ಉದಾಕ್."

ನೀರು. ಕೊಂಕಣಿಯಲ್ಲಿ.

ನಾವು ಗಂಡ ಹೆಂಡತಿ ಮನೆಯಲ್ಲಿ ಕೊಂಕಣಿಯಲ್ಲೇ ಮಾತಾಡುತ್ತೇವೆ. ಅವಳು ಶಾಲೆಗೆ ಸೇರಿದ ದಿನದಿಂದ ಉತ್ತರ ಕೊಡುತ್ತಿದ್ದುದು ಇಂಗ್ಲಿಷ್‌ನಲ್ಲಿ. ಈಗ ತಡವರಿಸಿ ತಡವರಿಸಿ ಒಂದೊಂದೇ ಕೊಂಕಣಿ ಶಬ್ದ, ಅವಳ ಅಜ್ಜಿಯ ಬಾಯಿಯಲ್ಲಿದ್ದಂಥವು. ಉದಾಕ್. ಪುರೊ, ಅಂದರೆ ಸಾಕು. ಇಂಗ್ಲಿಷ್ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಡಾಕ್ಟರ್ ಇದಕ್ಕೆ ಅಫೇಸಿಯಾ ಎಂದರು. ಯಾವ ಭಾಷೆ ಮೊದಲು ಮರಳುತ್ತದೆಂದು ಹೇಳಲಾಗದು, ಕಾಯಬೇಕು ಎಂದರು. ಬಲಗೈಯಲ್ಲಿ ಬಲವೂ ಇರಲಿಲ್ಲ.

ಲವಿನಾ ಒಂದು ದಿನ ಕಾರಿಡಾರ್‌ನಲ್ಲಿ ನನ್ನ ತೋಳು ಹಿಡಿದಳು. "ಅವಳು ನನ್ನ ಹತ್ರ ನನ್ನ ಭಾಷೆಯಲ್ಲಿ ಮಾತಾಡುವಾಗ ಖುಷಿ ಆಗ್ತದೆ ನನಗೆ. ಇಂಥಾ ಹೊತ್ತಲ್ಲಿ! ಪಾಪ ಅಲ್ವಾ ಇದು?"

ನನಗಾದರೋ ಅವಳು ಇಂಗ್ಲಿಷ್‌ನಲ್ಲಿ ಜಗಳ ಆಡಬೇಕಿತ್ತು. ಬಾಗಿಲು ಬಡಿದು ಯೂ ಡೋಂಟ್ ಅಂಡರ್‌ಸ್ಟ್ಯಾಂಡ್ ಎಂದು ಹೋಗುತ್ತಿದ್ದ ಆ ಹುಡುಗಿ ಬೇಕಿತ್ತು.

ಏಪ್ರಿಲ್‌ನಲ್ಲಿ ಮಸ್ಕತ್‌ಗೆ ಕರೆತಂದೆವು. ಲವಿನಾ ಕ್ಲಿನಿಕ್‌ನ ರಿಸೆಪ್ಷನ್ ಕೆಲಸ ಬಿಟ್ಟಳು. ಮನೆಯ ಕರ್ಟನ್‌ಗಳು ದಪ್ಪಗಾದವು, ಏಕೆಂದರೆ ಬೆಳಕು ಅವಳ ತಲೆಗೆ ಚುಚ್ಚುತ್ತಿತ್ತು. ಮಿಕ್ಸಿ ನಿಂತಿತು, ತೆಂಗಿನಕಾಯಿ ಅರೆಯಲು ಲವಿನಾ ಪಕ್ಕದ ಫ್ಲ್ಯಾಟಿಗೆ ಹೋಗುತ್ತಿದ್ದಳು. ಫಿಟ್ಸ್ ಬಾರದಿರಲು ಬೆಳಿಗ್ಗೆ ಸಂಜೆ ಮಾತ್ರೆ. ವಾರಕ್ಕೆ ಮೂರು ದಿನ ಫಿಸಿಯೋ, ಎರಡು ದಿನ ಸ್ಪೀಚ್ ಥೆರಪಿ. ಥೆರಪಿಸ್ಟ್ ಚಿತ್ರ ತೋರಿಸಿ ಹೆಸರು ಕೇಳುವರು. ಬಾಚಣಿಗೆ, ಬೀಗ, ಛತ್ರಿ. ಒಂದು ದಿನ ಹಿಮ ಕವಿದ ಬೆಟ್ಟದ ಚಿತ್ರ ಬಂತು. ಅವಳು ಬಹಳ ಹೊತ್ತು ನೋಡಿದಳು. ಹೆಸರು ಬರಲಿಲ್ಲ. ಬೆರಳಿಂದ ಬೆಟ್ಟದ ಮೇಲಿನಿಂದ ಕೆಳಗಿನವರೆಗೆ ಅಂಕುಡೊಂಕಾದ ಒಂದು ಗೆರೆ ಎಳೆದಳು.

ನಾನು ಎದ್ದು ಹೊರಗೆ ಹೋದೆ.

ಜುಲೈಯಲ್ಲಿ ಸ್ಕ್ಯಾನ್ ಆದ ಮೇಲೆ ನ್ಯೂರಾಲಜಿಸ್ಟ್ ಹತ್ತಿರ ಹೋದೆವು. ಸಣ್ಣ ದನಿಯ ಒಮಾನಿ ಮಹಿಳೆ. ನಾನು ರೂಢಿಯಂತೆ ಎಲ್ಲ ಹೇಳತೊಡಗಿದೆ. ನಿದ್ದೆ ಹೀಗೆ, ಊಟ ಹೀಗೆ, ಸಿಟ್ಟು ಜಾಸ್ತಿ.

"ಸ್ಟಾಪ್. ಡ್ಯಾಡಿ, ಸ್ಟಾಪ್. ಐ ಆಮ್... ಹಿಯರ್."

ಮೂವರೂ ಅವಳತ್ತ ತಿರುಗಿದೆವು. ಲವಿನಾ ಬಾಯಿಗೆ ಶಾಲು ಒತ್ತಿಕೊಂಡಳು. ಡಾಕ್ಟರ್ ನಕ್ಕು, ಕುರ್ಚಿಯನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿಕೊಂಡರು. "ಸರಿ, ನೀನೇ ಕೇಳು."

ಅವಳು ಕೇಳಿದ್ದು ಒಂದೇ. ಮತ್ತೆ ಯಾವಾಗ ಸ್ಕೀ ಮಾಡಬಹುದು?

ಡಾಕ್ಟರ್ ಸುತ್ತು ಬಳಸಲಿಲ್ಲ. ನಡೆ, ಈಜು ಕಲಿ, ಓದು, ಕೆಲಸಕ್ಕೂ ಸೇರು. ಸ್ಪರ್ಧೆ ಮಾತ್ರ ಇಲ್ಲ. ಇನ್ನೊಂದು ಪೆಟ್ಟು ತಲೆಗೆ ಬಿದ್ದರೆ ಈಗ ಮರಳಿದ್ದೂ ಹೋಗಬಹುದು, ಜೀವವೂ ಹೋಗಬಹುದು.

"ಈ ವರ್ಷವಾ?"

"ಯಾವತ್ತೂ ಇಲ್ಲ."

ಮರಳುವಾಗ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಅವಳು ಕಾರಿನ ಎ.ಸಿ. ಕಿಂಡಿಗೆ ಅಂಗೈ ಹಿಡಿದು ಕೂತಿದ್ದಳು. ಆ ರಾತ್ರಿ ಊಟ ಬೇಡವೆಂದಳು, ಮರುದಿನವೂ ಬೇಡವೆಂದಳು. ಹತ್ತು ದಿನ ಫಿಸಿಯೋಗೆ ಬರಲಿಲ್ಲ. ಫೋನಿನಲ್ಲಿ ಹಳೆಯ ರೇಸ್‌ಗಳ ವಿಡಿಯೋ, ಶಬ್ದ ತೆಗೆದು, ಮತ್ತೆ ಮತ್ತೆ. ನೋಡಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೂ ಅಡಿಗೆಮನೆಯಲ್ಲಿ ನಿಂತು ಅವೇ ವಿಡಿಯೋ ನೋಡುತ್ತಿದ್ದೆ. ಬದುಕಿ ಉಳಿದ ಮಗಳು ಆಚೆ ಕೋಣೆಯಲ್ಲಿ ಇರುವಾಗಲೇ ಹಿಂದಿನ ಮಗಳಿಗಾಗಿ ಹಂಬಲಿಸುವುದು ಎಂಥ ಕೃತಘ್ನತೆ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಹಂಬಲ ಹೋಗಲಿಲ್ಲ. ಅವಳದೂ ಹೋಗಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬಳನ್ನೇ ಕಾಯುತ್ತಿದ್ದೆವು.

ಅಕ್ಟೋಬರ್‌ನಲ್ಲಿ ಬಶೀರ್ ಸಾಹೇಬರು ಫೋನ್ ಮಾಡಿದರು. ಅವಳ ಸ್ಕೀಗಳು ಗುಲ್ಮಾರ್ಗಿನಲ್ಲೇ ಉಳಿದಿವೆ, ಕಳಿಸಲೇ, ಇಲ್ಲಾ ತಂಡಕ್ಕೆ ಹೊಸದಾಗಿ ಬಂದ ಹುಡುಗಿಗೆ ಕೊಡಲೇ ಎಂದು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ. ಹಿಂದಿ ಹುಡುಕಿ ಹುಡುಕಿ ಹೇಳಿದಳು. "ಸ್ಕೀ ಕೊಡಿ. ಹೆಲ್ಮೆಟ್ ಕೊಡಬೇಡಿ. ಅವಳು ಹೊಸದು ತಗೊಳ್ಳಲಿ. ಬಿದ್ದು ಎದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಿ." ಫೋನ್ ಇಟ್ಟು ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಬಿದ್ದ ಮೇಲೆ ಅತ್ತದ್ದು ಅದೇ ಮೊದಲು.

ಜನವರಿಯ ಒಂದು ಶುಕ್ರವಾರ ನನ್ನ ಜೊತೆ ಕೆಲಸ ಮಾಡುವ ಸಲೀಂ ಫೋನ್ ಮಾಡಿದ. ಜಬಲ್ ಶಮ್ಸ್ ಬೆಟ್ಟದ ಮೇಲೆ ನಿನ್ನೆ ಆಲಿಕಲ್ಲು ಸುರಿದು ಎಲ್ಲ ಬಿಳಿ ಆಗಿದೆಯಂತೆ, ನನ್ನ ಗಾಡಿ ಉಂಟು, ಮಗಳನ್ನು ಕರಕೊಂಡು ಬಾ, ಯಲ್ಲಾ, ಹೋಗುವ ಎಂದ. ಲವಿನಾ ಬೇಡವೆಂದಳು. ನಾನು ಡಾಕ್ಟರಿಗೆ ಮೆಸೇಜ್ ಹಾಕಿ ಕೇಳಿದೆ. ಹೋಗಲಿ, ಓಡುವುದು ಬೇಡ ಎಂದು ಉತ್ತರ ಬಂತು.

ಮೇಲೆ ಮುಟ್ಟುವಾಗ ಬಿಸಿಲಿಗೆ ಮುಕ್ಕಾಲು ಕರಗಿತ್ತು. ಕಲ್ಲುಗಳ ನೆರಳಲ್ಲಿ, ಗಿಡಗಳ ಬುಡದಲ್ಲಿ ಮಾತ್ರ ಬಿಳಿ ಉಳಿದಿತ್ತು. ವೆನಿಶಾ ಇಳಿದು ಒಂದು ಹಿಡಿ ಎತ್ತಿ ಹಿಚುಕಿದಳು.

"ಇದು ಸ್ನೋ ಅಲ್ಲ ಡ್ಯಾಡಿ. ಇದರ ಮೇಲೆ ಯಾರೂ ಇಳಿಯುದಿಲ್ಲ."

"ಇಷ್ಟು ದೂರ ಬಂದದ್ದು ಸುಮ್ಮನೆಯಾ ಹಾಗಾದ್ರೆ?"

ಅವಳು ಸಮತಟ್ಟಾದ ಜಾಗ ನೋಡಿ ಪಾದ ಅಗಲಿಸಿ ನಿಂತಳು. ಮೊಣಕಾಲು ಬಗ್ಗಿಸಿದಳು. ಕಣ್ಣು ಮುಚ್ಚಿ ಮೈಯನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ತುಟಿ ಅಲುಗುತ್ತಿತ್ತು; ಗೇಟ್‌ಗಳನ್ನು ಎಣಿಸುತ್ತಿದ್ದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಲವಿನಾ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

ವೆನಿಶಾ ಒಮ್ಮೆಲೇ ನಿಂತು ಕಣ್ಣು ಬಿಟ್ಟಳು.

"ಬಿದ್ದ ದಿನದ್ದು ಹನ್ನೊಂದನೇ ಗೇಟ್ ತನಕ ನೆನಪುಂಟು. ಆಮೇಲೆ ಇಲ್ಲ."

"ಸಾಕು ಮಗಾ. ಅಷ್ಟು ಸಾಕು."

"ಸಾಕಾಗುದಿಲ್ಲ ಡ್ಯಾಡಿ," ಎಂದಳು, ಸಿಟ್ಟಿಲ್ಲದೆ. "ಆದ್ರೆ ಇರುದು ಇಷ್ಟೇ."

ಸಲೀಂ ಗಾಡಿಯ ಬಾನೆಟ್ ಮೇಲೆ ಖರ್ಜೂರದ ಡಬ್ಬಿ ಬಿಚ್ಚಿದ. ಲವಿನಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಮಗಳು ಬಲಗೈ ಚಾಚಿ ಲೋಟ ತೆಗೆದುಕೊಂಡಳು. ತುಸು ನಡುಗಿತು. ಚೆಲ್ಲಲಿಲ್ಲ. ಅವಳು ಕುಡಿದು ಮುಗಿಸುವವರೆಗೂ ನೋಡುತ್ತ ನಿಂತೆ.