ಒಂದೇ ದಾರಿಯ ಎರಡು ಬದಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆಯ ಪರೀಕ್ಷೆ ಪಾಸು ಮಾಡಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಒಂದೇ ಬೆರಳಲ್ಲಿ ನಿಧಾನಕ್ಕೆ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಊರು ಕಾಸರಗೋಡಿನ ಕಡೆ, ಕೆಲಸ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ. ಕೊಚ್ಚಿಯ ಹೊರಗಿನ ಒಂದು ಹಳ್ಳಿಯಲ್ಲಿ ಸಣ್ಣ ಜಾಗ ತೆಗೆದು ಮನೆ ಕಟ್ಟಿದೆವು. ಮುಂದೆ ಒಂದು ಕಿರಿದಾದ ದಾರಿ. ಆಟೋ ಬಂದರೆ ಎರಡೂ ಬದಿಯ ದಾಸವಾಳವನ್ನು ಸವರಿಕೊಂಡೇ ಹೋಗಬೇಕು. ಆ ದಾರಿಯೇ ಎರಡು ಪಂಚಾಯತುಗಳ ಗಡಿ. ಆಚೆ ಬದಿಯ ತಗಡಿನ ಶೆಡ್ಡಿನಲ್ಲಿ, ಎಡಪ್ಪಳ್ಳಿಯ ಅಂಗಡಿಯೊಂದಕ್ಕೆ ಬಟ್ಟೆ ಹೊಲಿದು ಕೊಡುವ ಒಬ್ಬ ಹೆಂಗಸು ಮಗಳೊಂದಿಗೆ ಇದ್ದಾರೆ. ನಾವು ಅವರನ್ನು ಚೇಚಿ ಎನ್ನುತ್ತೇವೆ, ಅಕ್ಕ ಎಂದ ಹಾಗೆ. ಅವರಿಗೆ ನಾನು ಚೇಟ್ಟ, ಅಣ್ಣ ಎಂದ ಹಾಗೆ.

ಮನೆ ಕಟ್ಟಲಿಕ್ಕೆ ಇಬ್ಬರೂ ಒಂದೇ ತರದ ನಕ್ಷೆ ಕೊಟ್ಟಿದ್ದೆವು. ನಮ್ಮ ಪಂಚಾಯತಿನವರು, ಇದು ಬರೀ ಕಾಲುದಾರಿ ಎಂದು ಅನುಮತಿ ಕೊಟ್ಟರು. ಆಚೆಯವರು ಅದನ್ನೇ ರಸ್ತೆ ಎಂದು ಚೇಚಿಗೆ ಅನುಮತಿ ಕೊಡಲಿಲ್ಲ. ರಸ್ತೆಗೆ ಬಿಡಬೇಕಾದಷ್ಟು ಬಿಟ್ಟರೆ ಚೇಚಿಗೆ ಒಂದು ಅಡುಗೆಮನೆಯಷ್ಟು ಜಾಗ ಉಳಿಯುತ್ತದೆ.

ನಾವು ಹಾಲುಕ್ಕಿಸಿದ ದಿನ ಅವರು ನಮ್ಮ ಜಗಲಿಯಲ್ಲಿ ನಿಂತು ದಾರಿ ನೋಡಿದರು. "ಇಲ್ಲಿಂದ ನೋಡಿದ್ರೆ ಕಾಲುದಾರಿ, ನನ್ನ ಬದಿಗೆ ಹೋದ್ರೆ ಹೈವೇ. ಜಾಗ್ರತೆಯಲ್ಲಿ ದಾಟ್ಬೇಕು, ಅಲ್ವಾ ಚೇಟ್ಟಾ?" ಎಲ್ಲರೂ ನಕ್ಕರು. ನಾನು ಪಾಯಸದ ಲೋಟ ಕೆಳಗಿಟ್ಟೆ.

ಅವರು ಮೇಲಿನ ಕಚೇರಿಗೆ ಅರ್ಜಿ ಹಾಕಿದಾಗ, "ನನ್ನ ಮನೆಯನ್ನೇ ತೋರಿಸಿ, ನಾನೂ ಬರ್ತೇನೆ" ಎಂದೆ. ಹೆಂಡತಿಗೆ ಸರಿಕಾಣಲಿಲ್ಲ.

"ನಾಳೆ ನಮ್ಮ ಗೋಡೆಗೇ ಬಂದ್ರೆ ಎಂತ ಮಾಡುದು?"

"ಸರಿ ಇದ್ದದ್ದನ್ನು ತೋರಿಸ್ಲಿಕ್ಕೆ ಹೆದರಿಕೆ ಎಂತದು?" ಎಂದು ದೊಡ್ಡದಾಗಿ ಹೇಳಿದೆ.

ರೈಲಿನಲ್ಲಿ ತಿರುವನಂತಪುರಕ್ಕೆ ಹೋಗಿ, ಪಟ್ಟಂ ಹತ್ತಿರದ ಆ ಕಚೇರಿ ಹುಡುಕಿದೆವು. ಅಧಿಕಾರಿ ಒಳ್ಳೆಯ ಮನುಷ್ಯ. ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಎರಡೂ ಆಗ್ಲಿಕ್ಕೆ ಆಗುದಿಲ್ಲ. ಅಳೆಸಿದ ಮೇಲೆ ರಸ್ತೆ ಅಂತಾದ್ರೆ ಇವರ ಅನುಮತಿಯನ್ನೂ ಪುನಃ ನೋಡ್ಬೇಕಾಗ್ತದೆ. ಅಳೆಸುವಾ?"

ಕೇಳಿದ್ದು ನನ್ನನ್ನು. ಆಗಲಿ ಎನ್ನಬೇಕಿತ್ತು, ನನ್ನ ಕೈ ಮೇಜಿನ ಮೇಲಿದ್ದ ನನ್ನ ನಕ್ಷೆಗೆ ಹೋಯಿತು. ಚೇಚಿ ನನ್ನ ಮುಖ ನೋಡಿದರು.

"ಬೇಡ ಸಾರ್. ಕಟ್ಟಿ ಆದ ಮನೆಗೆ ಕೈ ಹಾಕ್ಬೇಡಿ" ಎಂದು ನನ್ನ ನಕ್ಷೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು. ತಮ್ಮ ಅರ್ಜಿಯನ್ನೂ ವಾಪಸು ಪಡೆದರು.

ವಾಪಸು ಬರುವಾಗ ರೈಲಿನಲ್ಲಿ ಬಾಳೆಲೆಯ ಅನ್ನದ ಕಟ್ಟು ಬಿಚ್ಚಿದರು. ನಾನು ಮೀನು ತಿನ್ನುವವನಲ್ಲ ಎಂದು ಗೊತ್ತಿದ್ದು, ನನಗೂ ಒಂದು ತಂದಿದ್ದರು. "ತಿನ್ನಿ ಚೇಟ್ಟಾ. ಮೀನಿಲ್ಲ, ನಿಮ್ಮಿಂದಾಗಿ ನನಗೂ ಇಲ್ಲ." ತಲೆ ತಗ್ಗಿಸಿ ತಿಂದೆ. ನನ್ನ ಮನೆ ಉಳಿಯಿತು ಎಂದು ಒಳಗೊಳಗೇ ಸಮಾಧಾನವಾಗಿತ್ತು. ಈಗ ನಾಚಿಕೆ ಆಗುವುದು ಅದಕ್ಕೇ. ಆಚೆಯಿಂದ ಹೊಲಿಗೆ ಮೆಷಿನಿನ ಸದ್ದು ಬಂದರೆ ನಾನು ಜಗಲಿಯಿಂದ ಒಳಗೆ ಬರುತ್ತೇನೆ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಆಚೆ ಬದಿಯ ಮನೆಯೂ ಎದ್ದದ್ದಿದ್ದರೆ, ಅದು ಹೇಗೆ ಸಾಧ್ಯವಾಯಿತು ಎಂದು ದಯವಿಟ್ಟು ಬರೆಯಿರಿ. ನನಗೆ ಬೇಡದ ಉತ್ತರ ಬಂದರೂ ದಾರಿ ದಾಟಿ ಹೋಗಿ ಚೇಚಿಗೆ ಹೇಳುತ್ತೇನೆ.